ಬಣ್ಣದ ಕೂದಲಿಗಾಗಿ ಬಾತ್‌ರೂಮಿನಲ್ಲೊಂದು ಸಾಫ್ಟ್ನರ್: ಪುಣೆಯ ಉಂಡ್ರಿಯ ಬೋರ್ ನೀರಿನ ಜೊತೆ ಗುದ್ದಾಟ

ಮೊದಲು ಕೂದಲಿನ ಸ್ಥಿತಿ ಹೇಳಿಬಿಡುತ್ತೇನೆ, ಪೈಪು, ಅಂಟು, ಉಪ್ಪಿನ ವಿಷಯ ಆಮೇಲೆ. ಭುಜದ ಕೆಳಗೆ ಬರುವಷ್ಟು ಉದ್ದ. ಮುಖದ ಎರಡೂ ಕಡೆ ಒಂದಿಷ್ಟು ಎಳೆಗಳನ್ನು ಬ್ಲೀಚ್ ಮಾಡಿಸಿ ಮೇಲೆ ತಾಮ್ರದ ಬಣ್ಣ ಹಾಕಿಸಿದ್ದೇನೆ, ಉಳಿದದ್ದೆಲ್ಲ ಕಡು ಬರ್ಗಂಡಿ. ಪಾರ್ಲರಿನಿಂದ ಬಂದ ದಿನ ಹೊಳೆಯುತ್ತದೆ. ಕೆಲವು ಸಲ ತಲೆಸ್ನಾನ ಆಗುವಷ್ಟರಲ್ಲಿ ಎರಡು ಬದಲಾವಣೆ ಕಾಣುತ್ತವೆ. ಬಣ್ಣ ತಿಳಿಯಾಗುತ್ತದೆ. ಅದರ ಜೊತೆಗೇ ಕೂದಲ ಮೇಲೆ ಒಂಥರಾ ಮಂಕು ಕೂರುತ್ತದೆ, ಬ್ಲೀಚ್ ಆದ ಎಳೆಗಳಲ್ಲಿ ಬಾಚಣಿಗೆ ಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇವೆರಡನ್ನೂ ಸೇರಿಸಿ ಎಲ್ಲರೂ 'ಕಲರ್ ನಿಲ್ತಾ ಇಲ್ಲ' ಅಂತ ಒಂದೇ ಮಾತಿನಲ್ಲಿ ಹೇಳುತ್ತಾರೆ. ಅಂಗಡಿಯವರೂ ಎರಡಕ್ಕೂ ಒಂದೇ ಶಾಂಪೂ ಕೊಟ್ಟು ಕಳಿಸುತ್ತಾರೆ. ನನ್ನ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ರೋಗ. ಬಣ್ಣ ಹೋಗುವುದಕ್ಕೆ ಮುಖ್ಯ ಕಾರಣ ತೊಳೆಯುವುದು. ಮಂಕು ಕೂರುವುದಕ್ಕೆ ಕಾರಣ ತೊಳೆಯುವ ನೀರು. ಔಷಧವೂ ಬೇರೆ ಬೇರೆ.

ಅನುಮಾನ ಹುಟ್ಟಿಸಿದ್ದು ನಮ್ಮ ಪಾರ್ಲರಿನಾಕೆ. ವಿಜಯಪುರದ ಕಡೆಯವಳು, ಕೈಯಲ್ಲಿ ಬ್ರಷ್ ಹಿಡಿದು ನಿಂತವಳು ಎಳೆಗಳನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಕ್ಕಾ, ಕೂದ್ಲ ಮ್ಯಾಲೆ ಏನೋ ಕುಂತೈತ್ರಿ, ಬಣ್ಣ ಒಂದೇ ಸಮ ಹಿಡೀವಲ್ದು. ನಿಮ್ಮ ಕಡೆ ಬೋರಿನ ನೀರೇನ್ರಿ?" ಅಂದಳು. ಹೌದು, ಬೋರಿನ ನೀರೇ. ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ಹೇಳಿದರೆ ಅವಳದು ಇನ್ನೂ ನೇರ ಮಾತು: "ಆ ಸವಳ ನೀರಿಗೆ ಬ್ಯಾಳಿನ ಬೇಯೂದಿಲ್ಲ, ಕೂದ್ಲದ ಮಾತೇನ್ ಹೇಳ್ತೀ." ಅವಳು ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಗಟ್ಟಿಯಾಗುತ್ತದೆ, ಅದಕ್ಕೇ ಎಷ್ಟು ಸೀಟಿ ಕೂಗಿಸಿದರೂ ಬೇಳೆ ಕಾಳಾಗಿಯೇ ಉಳಿಯುತ್ತದೆ.

ಪುಣೆಯ ಹಳೇ ಪೇಠೆಗಳಲ್ಲಿ ಇರುವವರಿಗೆ ಈ ತಲೆನೋವು ಅಷ್ಟಾಗಿ ಇಲ್ಲ. ಅವರಿಗೆ ಬರುವುದು ಖಡಕ್‌ವಾಸ್ಲಾ ನೀರು. ಪಾನ್‌ಶೇತ್, ವರಸಗಾವ್, ಟೇಮ್‌ಘರ್ ಅಣೆಕಟ್ಟುಗಳಲ್ಲಿ ನಿಂತ ಮಳೆನೀರು ಅದು, ಮೆದು. ಉಂಡ್ರಿ, ಪಿಸೋಳಿ, ವಾಘೋಲಿ ಅಂತ ಊರಿನ ಅಂಚಿಗೆ ಬಂದರೆ ಸೊಸೈಟಿಗಳು ಟ್ಯಾಂಕರ್ ಮತ್ತು ಬೋರ್‌ವೆಲ್ ಮೇಲೆ ನಡೆಯುತ್ತವೆ. ದಖನ್ನಿನ ಕರಿಕಲ್ಲಿನ ಬಿರುಕುಗಳಲ್ಲಿ ನಿಂತು ಬಂದ ನೀರು, ಕ್ಯಾಲ್ಸಿಯಂ ಮೆಗ್ನೀಸಿಯಂ ಹೊತ್ತುಕೊಂಡೇ ಬರುತ್ತದೆ. ನಮ್ಮ ಗೀಸರಿನ ಕಾಯಿಲ್ ತೆಗೆಸಿದರೆ ಬೆರಳು ದಪ್ಪ ಬಿಳಿ ಪದರ. ಸ್ಟೀಲ್ ನಲ್ಲಿಯ ಬಾಯಲ್ಲಿ ಬಿಳಿ ಕಲೆ. ಅದೇ ನೀರನ್ನೇ ತಲೆಗೂ ಸುರಿದುಕೊಳ್ಳುವುದು ಅಲ್ವಾ.

ಬಣ್ಣ ಹಾಕಿಸಿದ ಕೂದಲಿಗೆ, ಅದರಲ್ಲೂ ಬ್ಲೀಚ್ ಆದದ್ದಕ್ಕೆ, ಇದು ಯಾಕೆ ಜಾಸ್ತಿ ತಾಗುತ್ತದೆ ಅಂತ ಸ್ವಲ್ಪ ಹೇಳಲೇಬೇಕು. ಹುಟ್ಟು ಕೂದಲಿನ ಮೇಲೆ ತೆಳುವಾದ ಕೊಬ್ಬಿನ ಪದರ ಇರುತ್ತದೆ, ನೀರನ್ನು ದೂರ ಇಡುವುದು ಅದೇ. ಬ್ಲೀಚ್ ಆ ಪದರವನ್ನು ಕಿತ್ತುಹಾಕುತ್ತದೆ. ಜೊತೆಗೆ ಒಳಗಿನ ಗಂಧಕದ ಕೊಂಡಿಗಳನ್ನು ಮುರಿದು ಅಲ್ಲಿ ಋಣ ವಿದ್ಯುದಂಶದ ಜಾಗಗಳನ್ನು ಮಾಡುತ್ತದೆ. ಕ್ಯಾಲ್ಸಿಯಂ ಧನ ವಿದ್ಯುದಂಶದ್ದು. ಅದಕ್ಕೆ ಕೂರಲು ಕುರ್ಚಿ ಹಾಕಿಕೊಟ್ಟ ಹಾಗೆ. ಮನೆಯಲ್ಲಿ ಒಂದೇ ನೀರಲ್ಲಿ ಮೀಯುವ ಇಬ್ಬರಲ್ಲಿ ಬ್ಲೀಚ್ ಮಾಡಿಸಿದವರ ಕೂದಲು ಮಾತ್ರ ಒರಟಾಗುವುದು ಇದೇ ಕಾರಣಕ್ಕೆ.

ಮೊದಲ ಕೆಲಸ, ನೀರನ್ನು ಅಳೆಯುವುದು. ಇದಕ್ಕೆ ಎಲ್ಲರ ಮನೆಯಲ್ಲೂ ಇರುವ ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುವುದಿಲ್ಲ. ಅದು ಕರಗಿದ ಉಪ್ಪುಗಳನ್ನೆಲ್ಲ ಸೇರಿಸಿ ಒಂದು ಅಂಕಿ ಕೊಡುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಅಂತ ಗೊತ್ತಾಗುವುದಿಲ್ಲ. ಬೇಕಾದದ್ದು ಹಾರ್ಡ್‌ನೆಸ್ ಕಿಟ್, ಅಂದರೆ ನೀರಿನ ಗಡಸುತನ (ಕ್ಯಾಲ್ಸಿಯಂ ಮೆಗ್ನೀಸಿಯಂ ಎಷ್ಟಿದೆ ಅನ್ನುವುದು) ಅಳೆಯುವ ಕಿಟ್. ಸಣ್ಣ ಬಾಟಲಿಗೆ ನೀರು, ಒಂದು ಬಫರ್, ಚಿಟಿಕೆ ಇಂಡಿಕೇಟರ್. ನೀರು ದ್ರಾಕ್ಷಾರಸದ ಕೆಂಪಾಗುತ್ತದೆ. ಆಮೇಲೆ ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಹಾಕುತ್ತಾ, ಅಲ್ಲಾಡಿಸುತ್ತಾ ಹೋಗಬೇಕು. ತುಂಬಾ ಹೊತ್ತು ಏನೂ ಆಗುವುದಿಲ್ಲ. ಕೆಂಪು, ಕೆಂಪು, ಕೆಂಪು. ಆಮೇಲೆ ಒಂದು ಹನಿಗೆ ನೇರಳೆ ಛಾಯೆ, ಮುಂದಿನ ಒಂದೆರಡು ಹನಿಗೆ ಪೂರ್ತಿ ನೀಲಿ. ಟ್ಯೂಬ್‌ಲೈಟ್ ಕೆಳಗೆ ಬಿಳಿ ಕಾಗದ ಹಿಡಿದು ನೋಡಿದರೆ ಆ ತಿರುವು ಸ್ಪಷ್ಟ. ಹನಿಗಳ ಲೆಕ್ಕವನ್ನು ಕಿಟ್‌ನ ಚೀಟಿಯಲ್ಲಿರುವ ಅಂಕಿಯಿಂದ ಗುಣಿಸಿದರೆ ಗಡಸುತನ ಸಿಗುತ್ತದೆ. ನಮ್ಮದು ಬೇಸಿಗೆಯಲ್ಲಿ ಲೀಟರಿಗೆ 480 ಮಿಲಿಗ್ರಾಂ ಆಸುಪಾಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 200 ಒಳಗಿದ್ದರೆ ಸರಿ, ಬೇರೆ ಮೂಲ ಇಲ್ಲದಿದ್ದರೆ 600 ತನಕ ನಡೆಯುತ್ತದೆ. ಅಂದರೆ ಸೊಸೈಟಿ ಕಮಿಟಿಯ ಮುಂದೆ ಜಗಳ ಆಡುವಷ್ಟು ಕೆಟ್ಟದ್ದೇನಲ್ಲ, ತಲೆಗೆ ಮಾತ್ರ ಸಾಕಷ್ಟು ಕೆಟ್ಟದ್ದು.

ಇಲ್ಲಿ ಶವರ್ ಫಿಲ್ಟರ್ ವಿಷಯ ಬರುತ್ತದೆ. ಪಕ್ಕದ ಬಿಲ್ಡಿಂಗಿನ ಬೆಳಗಾವಿಯ ವೈನಿ ಒಂದು ಹಾಕಿಸಿಕೊಂಡಿದ್ದರು. ಹದಿನೈದು ಹಂತದ ಶುದ್ಧೀಕರಣ ಅಂತೆಲ್ಲ ಡಬ್ಬದ ಮೇಲೆ ಬರೆದಿತ್ತು. ಅವರ ಶವರಿನ ನೀರು ತಂದು ಕಿಟ್‌ನಲ್ಲಿ ನೋಡಿದರೆ ನಲ್ಲಿಯ ನೀರಿಗೂ ಅದಕ್ಕೂ ಹನಿಗಳಲ್ಲಿ ಫರಕೇ ಇಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ. ಇಂಥ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದ್ದಿಲು, ತಾಮ್ರ-ಸತುವಿನ ಕೆಡಿಎಫ್ ಚೂರು, ಕ್ಯಾಲ್ಸಿಯಂ ಸಲ್ಫೈಟ್. ಇವೆಲ್ಲ ಕ್ಲೋರಿನ್ ತೆಗೆಯುವ ವಸ್ತುಗಳು. ಕ್ಲೋರಿನ್ ಹಾಕಿದ ಕಾರ್ಪೊರೇಷನ್ ನೀರು ಬರುವವರಿಗೆ ಸ್ವಲ್ಪ ಉಪಯೋಗ ಇರಬಹುದು. ಗಡಸುತನ ತೆಗೆಯಲು ಅಯಾನ್ ಬದಲಾಯಿಸುವ ರೆಸಿನ್, ಅಂದರೆ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುವ ಪ್ಲಾಸ್ಟಿಕ್ ಮಣಿಗಳು ಬೇಕು, ಅದೂ ಲೀಟರ್ ಲೆಕ್ಕದಲ್ಲಿ. ಮುಷ್ಟಿಯಷ್ಟು ಡಬ್ಬಿಯಲ್ಲಿ ಅದು ಇದ್ದರೂ ಒಂದೆರಡು ಸ್ನಾನಕ್ಕೆ ಮುಗಿದುಹೋಗುತ್ತದೆ.

ಪೈಪು ಕಟ್ಟುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ, ಯಾಕೆಂದರೆ ಸುಮ್ನೆ ದುಡ್ಡು ಹಾಕುವುದು ನನಗೆ ಆಗದ ಮಾತು. ತುದಿ ಕತ್ತರಿಸಿದಾಗ ಬಿದ್ದ ತಾಮ್ರದ ಬಣ್ಣದ ಕೂದಲನ್ನು ಪಾರ್ಲರಿನಿಂದ ತಂದು, ದಾರ ಸುತ್ತಿ ಸಣ್ಣ ಸಣ್ಣ ಕಟ್ಟು ಮಾಡಿದೆ. ಒಂದು ಬಾಟಲಿಯಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಆರ್‌ಓ ನೀರು. ಅದೇ ಶಾಂಪೂ, ಅಷ್ಟೇ ಹನಿ, ಅಷ್ಟೇ ಹೊತ್ತು ಅಲ್ಲಾಡಿಸಿ, ತೊಳೆದು, ಒಣಗಿಸಿ, ಮತ್ತೆ ಅದೇ ಕೆಲಸ. ಎರಡೂ ಬಾಟಲಿಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು, ಹೆಚ್ಚುಕಡಿಮೆ ಒಂದೇ ಸಮ. ಪಕ್ಕದಲ್ಲಿ ಶಾಂಪೂ ಹಾಕದೆ ಬರೀ ಆರ್‌ಓ ನೀರಲ್ಲಿ ಇಟ್ಟ ಕಟ್ಟೂ ಬಣ್ಣ ಬಿಟ್ಟಿತು. ಒಣಗಿದ ಮೇಲೆ ಮಾತ್ರ ವ್ಯತ್ಯಾಸ ಕಂಡಿತು. ಆರ್‌ಓ ನೀರಿನ ಕಟ್ಟು ಬಣ್ಣ ಕಡಿಮೆಯಾಗಿದ್ದರೂ ಮಿಂಚುತ್ತಿತ್ತು. ಬೋರ್ ನೀರಿನ ಕಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತುದಿಯಿಂದ ಬುಡದ ಕಡೆ ಎಳೆದರೆ ಕಿರ್ ಅಂತ ತಡೆಯುತ್ತಿತ್ತು, ಬುಡದಿಂದ ತುದಿಗೆ ಎಳೆದರೂ ಪೂರ್ತಿ ಜಾರುತ್ತಿರಲಿಲ್ಲ. ಮನೆಯ ಪರೀಕ್ಷೆ ಇದು, ಪ್ರಯೋಗಾಲಯದ್ದಲ್ಲ. ಆದರೂ ನನಗೆ ಬೇಕಾದ ಉತ್ತರ ಸಿಕ್ಕಿತು: ಗಡಸುತನ ತೆಗೆಯುವ ಸಾಫ್ಟ್ನರ್ ಹಾಕಿದರೆ ಮಂಕು ಹೋಗುತ್ತದೆ, ಬಣ್ಣ ಹೋಗುವುದು ಮಾತ್ರ ಅದರಿಂದ ನಿಲ್ಲುವುದಿಲ್ಲ. ಈ ನಿರೀಕ್ಷೆ ಇಟ್ಟುಕೊಂಡೇ ಕೆಲಸ ಶುರು ಮಾಡಿದೆ.

ಸಾಮಾನು ತರಲು ರವಿವಾರ ಪೇಠೆಯ ಬೋಹರಿ ಆಳಿ. ಹಾರ್ಡ್‌ವೇರ್, ಜಾಲರಿ, ಪ್ಲಾಸ್ಟಿಕ್, ಕೆಮಿಕಲ್ ಎಲ್ಲ ಒಂದೇ ಸುತ್ತಿನಲ್ಲಿ ಸಿಗುವ ಜಾಗ, ಸ್ಕೂಟರ್ ನಿಲ್ಲಿಸಲು ಮಾತ್ರ ಜಾಗ ಸಿಗುವುದಿಲ್ಲ. ಬೇಕಾದದ್ದು ಇಷ್ಟು. 75 ಎಂಎಂ ಪಿವಿಸಿ ಪೈಪು ಎರಡೂವರೆ ಅಡಿ. ಕೆಳಗೆ ಅಂಟಿಸುವ ಎಂಡ್ ಕ್ಯಾಪ್, ಮೇಲೆ ತ್ರೆಡ್ ಇರುವ ಮುಚ್ಚಳ. ಅರ್ಧ ಇಂಚಿನ ಪೈಪು, ಎಲ್ಬೋ, ಒಂದು ಟೀ, ಒಂದು ಬಾಲ್ ವಾಲ್ವ್. 80 ಮೆಶ್ ಸ್ಟೀಲ್ ಜಾಲರಿ ಅಂಗೈ ಅಗಲ. ಆರ್‌ಓ ಯಂತ್ರದ ಮುಂದೆ ಹಾಕುವ ಬಿಳಿ ಸ್ಪನ್ ಫಿಲ್ಟರ್ ಮತ್ತು ಅದರ ಬಟ್ಟಲು. ಸಾಲ್ವೆಂಟ್ ಸಿಮೆಂಟ್, ಟೆಫ್ಲಾನ್ ಟೇಪು. ಮತ್ತೆ 2 ಲೀಟರ್ ರೆಸಿನ್. 25 ಲೀಟರಿನ ಚೀಲವನ್ನೇ ಮಾರುತ್ತೇವೆ ಅಂದವರನ್ನು ದಾಟಿ ಹೋದರೆ ಬಿಡಿಯಾಗಿ ಅಳೆದು ಕೊಡುವವರೂ ಇದ್ದಾರೆ. ಕೇಳುವಾಗ 'ಸಾಫ್ಟ್ನರ್ ರೆಸಿನ್, ಸೋಡಿಯಂ ಫಾರ್ಮ್' ಅಂತಲೇ ಕೇಳಬೇಕು. ಹೈಡ್ರೋಜನ್ ಫಾರ್ಮ್ ಕೊಟ್ಟರೆ ನೀರು ಆಮ್ಲವಾಗಿ ಬರುತ್ತದೆ. ಅಂಗಡಿಯವರು ಯಾವ ಫ್ಯಾಕ್ಟರಿಗೆ ಅಂತ ಕೇಳಿದರು. "ಕೇಸಾಂಸಾಠೀ" (ಕೂದಲಿಗೆ) ಅಂದೆ. ಒಂದು ಸಲ ನನ್ನ ತಲೆ ನೋಡಿ, ಏನೂ ಹೇಳದೆ ತೂಕ ಹಾಕಿದರು.

ರೆಸಿನ್ ಅಂದರೆ ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ, ಒದ್ದೊದ್ದೆ ಮಣಿಗಳು. ಅಂಗೈಗೆ ಹಾಕಿಕೊಂಡರೆ ಬೆರಳ ಸಂದಿನಿಂದ ಜಾರಿಹೋಗುತ್ತವೆ, ನೆಲಕ್ಕೆ ಬಿದ್ದರೆ ಟೈಲ್ಸ್ ಮೇಲೆ ಕಾಲಿಡುವ ಹಾಗಿಲ್ಲ. ಒಳಗೆ ಕೆಲಸ ನಡೆಯುವ ರೀತಿ ಸರಳ. ಪ್ರತಿ ಮಣಿಯೂ ಪಾಲಿಸ್ಟೈರೀನಿನದು, ಅದರ ತುಂಬ ಋಣ ವಿದ್ಯುದಂಶದ ಜಾಗ, ಆ ಜಾಗಗಳಲ್ಲಿ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹರಿದಾಗ ಕ್ಯಾಲ್ಸಿಯಂ ಮೆಗ್ನೀಸಿಯಂ ಬಂದು ಸೋಡಿಯಂ ಅನ್ನು ಎಬ್ಬಿಸಿ ತಾವು ಕೂರುತ್ತವೆ. ಬ್ಲೀಚ್ ಆದ ಕೂದಲು ಮಾಡುವುದೂ ಇದೇ ಕೆಲಸ! ಕೂದಲಿಗಿಂತ ಮೊದಲು ಮಣಿಗಳಿಗೆ ಕ್ಯಾಲ್ಸಿಯಂ ಸಿಗುವ ಹಾಗೆ ಮಾಡಿದರೆ ಆಯಿತು.

ಕಟ್ಟುವಾಗ ಹೆಚ್ಚು ಯೋಚನೆ ಬೇಡಿದ್ದು ಎರಡು ಜಾಗ. ಒಂದು, ತಳದ ಜಾಲರಿ. ಎಂಡ್ ಕ್ಯಾಪಿನ ನಡುವೆ ಅರ್ಧ ಇಂಚಿನ ತೂತು, ಅದರ ಮೇಲೆ ಹಳೇ ಪ್ಲಾಸ್ಟಿಕ್ ಡಬ್ಬದ ದಪ್ಪ ಮುಚ್ಚಳವನ್ನು ಗುಂಡಗೆ ಕತ್ತರಿಸಿ ತೂತು ಕೊರೆದ ತಟ್ಟೆ, ಅದರ ಮೇಲೆ ಜಾಲರಿ. ಜಾಲರಿಯನ್ನು ಅಷ್ಟಕ್ಕೇ ಕತ್ತರಿಸಿ ಇಟ್ಟರೆ ಅಂಚಿನ ಸಂದಿನಿಂದ ಮಣಿ ಇಳಿಯುತ್ತವೆ. ಅದಕ್ಕೆ ಜಾಲರಿಯನ್ನು ಒಂದು ಬೆರಳು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಮೇಲಕ್ಕೆ ಮಡಚಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಒಳಗಿನಿಂದ ಬಿಗಿಯಾಗಿ ಕೂರಿಸಿದೆ. 80 ಮೆಶ್ ಅಂದರೆ ತೂತು 0.18 ಮಿಲಿಮೀಟರ್ ಹತ್ತಿರ, ಮಣಿಗಳು ಬಹುತೇಕ 0.3 ಕ್ಕಿಂತ ದಪ್ಪ. ಮೊದಲ ಬಕೆಟ್ಟಿನಲ್ಲಿ ಒಡೆದ ಚೂರುಗಳು ಒಂದಿಷ್ಟು ಬಂದವು, ಆಮೇಲೆ ಇಲ್ಲ.

ಇನ್ನೊಂದು, ನೀರು ಹೊರಗೆ ಬರುವ ದಾರಿ. ತಳದಿಂದ ನೇರವಾಗಿ ಬಕೆಟ್ಟಿಗೆ ಬಿಟ್ಟರೆ ನಲ್ಲಿ ನಿಲ್ಲಿಸಿದ ಮೇಲೆ ಪೈಪಿನ ನೀರೆಲ್ಲ ಇಳಿದು ರೆಸಿನ್ ಒಣಗುತ್ತದೆ. ಒಣಗಿದ ಮಣಿಗೆ ತಟ್ಟನೆ ನೀರು ತಾಗಿದರೆ ಸೀಳುತ್ತದೆ. ಹಾಗಾಗಿ ತಳದಿಂದ ಹೊರಟ ಅರ್ಧ ಇಂಚಿನ ಪೈಪನ್ನು ಎಲ್ಬೋ ಹಾಕಿ ಪಕ್ಕದಲ್ಲೇ ಮೇಲಕ್ಕೆ ತಂದೆ, ರೆಸಿನ್ ಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರದ ತನಕ. ಅಲ್ಲಿ ಟೀ. ಟೀಯ ಮೇಲಿನ ಬಾಯಿ ತೆರೆದೇ ಇದೆ, ಇಲ್ಲದಿದ್ದರೆ ಸೈಫನ್ ಆಗಿ ಮತ್ತೆ ಎಲ್ಲ ಖಾಲಿಯಾಗುತ್ತದೆ. ಅಡ್ಡ ಬಾಯಿಗೆ ರಬ್ಬರ್ ನಳಿಕೆ, ಅದು ಬಕೆಟ್ಟಿಗೆ. ವಾಲ್ವ್ ಇರುವುದು ನೀರು ಒಳಗೆ ಬರುವ ಕಡೆ ಮಾತ್ರ. ಹೊರಗಿನ ಕಡೆ ವಾಲ್ವ್ ಹಾಕಿ ಯಾರಾದರೂ ಮುಚ್ಚಿಬಿಟ್ಟರೆ ಹನ್ನೊಂದನೇ ಮಹಡಿಯ ಟಾಕಿಯ ಒತ್ತಡವೆಲ್ಲ ನನ್ನ ಅಂಟಿನ ಕೀಲುಗಳ ಮೇಲೆ ಬೀಳುತ್ತದೆ, ಆ ಧೈರ್ಯ ನನಗಿಲ್ಲ.

ಅಂಟು ಹಾಕಿ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. 2 ಲೀಟರ್ ರೆಸಿನ್ ಪೈಪಿನಲ್ಲಿ ಸುಮಾರು 52 ಸೆಂಟಿಮೀಟರ್ ನಿಲ್ಲುತ್ತದೆ, ಮೇಲೆ ಒಂದು ಗೇಣು ಖಾಲಿ. ಆ ಖಾಲಿ ಜಾಗ ಬೇಕು. ಕೆಸರು ತೊಳೆಯಲು ನೀರನ್ನು ತಳದಿಂದ ಮೇಲಕ್ಕೆ ಬಿಟ್ಟಾಗ ಮಣಿಗಳು ಎದ್ದು ಕುಣಿಯುವುದು ಅಲ್ಲೇ. ಮೊದಲ ಒಂದೆರಡು ಬಕೆಟ್ ಹಳದಿಯಾಗಿ ವಾಸನೆ ಬಂತು, ಬಾತ್‌ರೂಮ್ ತೊಳೆಯಲು ಬಳಸಿದೆ. ಆಮೇಲಿನ ನೀರಿಗೆ ಕಿಟ್‌ನ ಇಂಡಿಕೇಟರ್ ಹಾಕಿದರೆ ಇಡಿಟಿಎ ಹನಿ ಬೀಳುವ ಮೊದಲೇ ನೀಲಿ. ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಹೆಚ್ಚುಕಡಿಮೆ ಮೊದಲಿನದೇ! ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದಿದೆ, ಅಷ್ಟೇ. ಮೀಟರ್ ತೋರಿಸಿ ಸಾಫ್ಟ್ನರ್ ಮಾರುವವರು ಸಿಕ್ಕರೆ ಇದನ್ನು ನೆನಪಿಡಿ.

ವೇಗ ಮುಖ್ಯ. ರೆಸಿನ್ ಎಷ್ಟಿದೆಯೋ ಅದರ 40 ಪಟ್ಟು ನೀರು ಒಂದು ಗಂಟೆಗೆ, ಅದಕ್ಕಿಂತ ಜೋರಾಗಿ ಬಿಡಬಾರದು. ನನ್ನ 2 ಲೀಟರಿಗೆ ಗಂಟೆಗೆ 80 ಲೀಟರ್. 20 ಲೀಟರಿನ ಬಕೆಟ್ ತುಂಬಲು ಕಾಲು ಗಂಟೆ. ಅಷ್ಟರಲ್ಲಿ ತಲೆಗೆ ಎಣ್ಣೆ ಹಚ್ಚಿ ಮುಗಿಯುತ್ತದೆ. ತಣ್ಣೀರನ್ನೇ ಹಾಯಿಸಿ, ಆಮೇಲೆ ಒಲೆಯ ಮೇಲೆ ಒಂದು ಪಾತ್ರೆ ಕಾಯಿಸಿ ಬೆರೆಸಿಕೊಳ್ಳುತ್ತೇನೆ. ಗೀಸರಿನ ಬಿಸಿನೀರನ್ನು ಪಿವಿಸಿ ಪೈಪಿಗೆ ಬಿಡುವ ಹಾಗಿಲ್ಲ.

ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಅಂತ ಲೆಕ್ಕ ಹಿಡಿದರೆ 2 ಲೀಟರಿಗೆ 100 ಗ್ರಾಂ. ನಮ್ಮ ನೀರಿನ ಲೀಟರಿಗೆ 480 ಮಿಲಿಗ್ರಾಂ. ಭಾಗಿಸಿದರೆ 200 ಲೀಟರ್ ಚಿಲ್ಲರೆ, ಅಂದರೆ ಹತ್ತು ಬಕೆಟ್. ಆಮೇಲೆ ಉಪ್ಪು ಕೊಡಬೇಕು. 300 ಗ್ರಾಂ ಹರಳುಪ್ಪು, ಅಯೋಡಿನ್ ಪುಡಿ ಉಪ್ಪು ಬೇಡ, 3 ಲೀಟರ್ ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಉಳಿಯುವ ಮಣ್ಣು ನೋಡಿದರೆ ಸೋಸದೆ ಇರಲು ಮನಸ್ಸಾಗುವುದಿಲ್ಲ. ಮುಚ್ಚಳ ತೆಗೆದು ಲೋಟ ಲೋಟವಾಗಿ ಸುರಿಯುತ್ತಾ ಅರ್ಧ ಗಂಟೆ. ಅವಸರ ಮಾಡಿದರೆ ಉಪ್ಪು ಸುಮ್ನೆ ಹರಿದುಹೋಗುತ್ತದೆ. ಕೊನೆಗೆ ಸಾದಾ ನೀರು ಬಿಟ್ಟು, ಹೊರಬಂದ ನೀರು ನಾಲಿಗೆಗೆ ಉಪ್ಪು ತಾಗದಿರುವ ತನಕ ತೊಳೆಯುವುದು. ಆ ಉಪ್ಪುನೀರನ್ನು ಗಿಡಗಳಿಗೆ ಹಾಕಬೇಡಿ, ನೇರ ಮೋರಿಗೆ. ಮೆದು ನೀರನ್ನೂ ಕುಡಿಯಲು, ಅಡುಗೆಗೆ ಬಳಸಬೇಡಿ. 100 ಮಿಲಿಗ್ರಾಂ ಗಡಸುತನ ತೆಗೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ನಮ್ಮ ನೀರಿಗೆ ಲೀಟರಿಗೆ 220 ಆಯಿತು. ಮನೆಯಲ್ಲಿ ಬಿಪಿ ಇರುವವರಿದ್ದರೆ ಇದು ಸಣ್ಣ ವಿಷಯ ಅಲ್ಲ.

ನೀರು ಸರಿಯಾಯಿತು. ಕೂದಲ ಮೇಲೆ ಮೊದಲೇ ಕೂತ ಸುಣ್ಣ ಇದರಿಂದ ತಾನಾಗಿ ಇಳಿಯುವುದಿಲ್ಲ. ಅದಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಸಾಫ್ಟ್ನರಿನ 1 ಲೀಟರ್ ನೀರಿಗೆ ಸುಮಾರು 1 ಗ್ರಾಂ, ಕಾಲು ಚಮಚೆ. ಹಾಕಿದ ಕೂಡಲೇ ಮಗ್ಗಿನ ಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ. ಸಾಫ್ಟ್ನರ್ ಕ್ಯಾಲ್ಸಿಯಂ ಮೆಗ್ನೀಸಿಯಂ ಮಾತ್ರ ತೆಗೆಯುತ್ತದೆ, ಬೈಕಾರ್ಬನೇಟ್ ಹಾಗೇ ಉಳಿದಿರುತ್ತದೆ, ಆಮ್ಲ ತಾಗಿದಾಗ ಗುಳ್ಳೆಯಾಗಿ ಹೋಗುವುದು ಅದು. ಇದೇ ಕಾರಣಕ್ಕೆ ಮೆದು ನೀರಲ್ಲಿ ತೊಳೆದವರಿಗೂ ಕೊನೆಯ ಮಗ್ಗಿಗೆ ಸ್ವಲ್ಪ ಹುಳಿ ಬೇಕು. ಪಿಎಚ್ ಪಟ್ಟಿ ಅದ್ದಿ ನೋಡಿದರೆ 4 ರ ಹತ್ತಿರ ಬಂದಿರಬೇಕು. ಅದಕ್ಕಿಂತ ಹುಳಿ ಮಾಡುವ ಹುಮ್ಮಸ್ಸು ಬೇಡ, ಕಣ್ಣಿಗೂ ಬೀಳಬಾರದು. ಶಾಂಪೂ ಆದ ಮೇಲೆ ಬರೀ ಕೂದಲಿನ ಉದ್ದಕ್ಕೆ ಸುರಿದು, ಐದು ನಿಮಿಷ ಕಟ್ಟಿ ಇಟ್ಟು, ತೊಳೆದು, ಕಂಡೀಷನರ್. ಮೊದಲ ಸಲಕ್ಕೇ ಪೂರ್ತಿ ಹೋಗಲಿಲ್ಲ. ಒಂದೆರಡು ವಾರ ಪ್ರತಿ ತಲೆಸ್ನಾನಕ್ಕೂ ಮಾಡಿದ ಮೇಲೆ ಬ್ಲೀಚ್ ಆದ ಎಳೆಗಳಲ್ಲಿ ಬಾಚಣಿಗೆ ಬುಡದಿಂದ ತುದಿಯ ತನಕ ಒಂದೇ ಎಳೆತಕ್ಕೆ ಇಳಿಯಿತು. ಇಡಿಟಿಎ ಜಾಸ್ತಿ ಇರುವ ಚಿಲೇಟಿಂಗ್ ಶಾಂಪೂ ಇನ್ನೂ ಬೇಗ ಕೆಲಸ ಮಾಡುತ್ತದೆ. ಬಣ್ಣ ಹಾಕಿಸುವ ಹಿಂದಿನ ವಾರ ಅದನ್ನೇ ಬಳಸುತ್ತೇನೆ. ಪಾರ್ಲರಿನಾಕೆ ಮುಂದಿನ ಸಲ ಬೆರಳಲ್ಲಿ ಉಜ್ಜಿ ನೋಡಿ, "ಈಗ ಹಿಡೀತೈತ್ರಿ" ಅಂದಳು.

ಇನ್ನು ಎರಡನೇ ರೋಗ, ಬಣ್ಣ ಹೋಗುವುದು. ಇದಕ್ಕೆ ಪೈಪು ಸಹಾಯ ಮಾಡುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಒದ್ದೆಯಾದಾಗ ಕೂದಲಿನ ದಪ್ಪ ಸುಮಾರು ನೂರಕ್ಕೆ ಹದಿನೈದರಷ್ಟು ಹಿಗ್ಗುತ್ತದೆ, ಬಣ್ಣದ ಕಣಗಳು ಆಗಲೇ ಜಾರುತ್ತವೆ. ಹಾಗಾಗಿ ವಾರಕ್ಕೆ ಎರಡು ತಲೆಸ್ನಾನ, ಅಷ್ಟೇ. ನೀರು ಉಗುರುಬೆಚ್ಚಗೆ. ಸಲ್ಫೇಟ್ ಇಲ್ಲದ ಶಾಂಪೂಗೆ ದುಪ್ಪಟ್ಟು ಬೆಲೆ ಕೊಡುವುದನ್ನು ಬಿಟ್ಟಿದ್ದೇನೆ. ನನ್ನ ಬಾಟಲಿ ಪರೀಕ್ಷೆಯಲ್ಲಿ ಬರೀ ನೀರಿಗೇ ಅಷ್ಟು ಬಣ್ಣ ಹೋದದ್ದು ನೋಡಿದ ಮೇಲೆ ಆ ದುಡ್ಡು ಒಳ್ಳೆ ಕಂಡೀಷನರಿಗೆ ಹಾಕುವುದೇ ವಾಸಿ ಅನ್ನಿಸಿತು.

ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ. ಅವ್ವ ಹೇಳಿದಾಗ ಕೇಳದವಳು, ಮುಂಬಯಿಯ ಮ್ಯಾರಿಕೋದ ಸಂಶೋಧಕರಾದ ರೆಲೆ ಮತ್ತು ಮೊಹಿಲೆ 2003 ರಲ್ಲಿ ಪ್ರಕಟಿಸಿದ ಕೆಲಸ ಓದಿದ ಮೇಲೆ ತೆಪ್ಪಗೆ ಹಚ್ಚುತ್ತಿದ್ದೇನೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ, ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಕಡಿಮೆ ಮಾಡುವುದು ಕೊಬ್ಬರಿ ಎಣ್ಣೆ ಮಾತ್ರ ಅಂತ ಕಂಡುಕೊಂಡರು, ಬ್ಲೀಚ್ ಆದ ಕೂದಲಿನಲ್ಲೂ. ಎಣ್ಣೆ ಕಂಪನಿಯವರೇ ಮಾಡಿದ ಅಧ್ಯಯನ ಅನ್ನುವುದೂ ತಲೆಯಲ್ಲಿರಲಿ. ಬಣ್ಣ ಉಳಿಸುತ್ತದೆ ಅಂತ ಅವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಕೂದಲು ಗಟ್ಟಿ ಇರುತ್ತದೆ.

ಬಿಸಿಲು ಬಣ್ಣ ತಿನ್ನುತ್ತದೆ. ಪುಣೆಯಲ್ಲಿ ಇದಕ್ಕೆ ಪರಿಹಾರ ಹೇಳಿಕೊಡಬೇಕಾಗಿಲ್ಲ. ಕಣ್ಣು ಮಾತ್ರ ಕಾಣುವ ಹಾಗೆ ಸ್ಕಾರ್ಫ್ ಸುತ್ತಿ ಗಾಡಿ ಓಡಿಸುವ ಹೆಣ್ಣುಮಕ್ಕಳ ಊರು ಇದು. ಧಾರವಾಡದಿಂದ ಬಂದ ಹೊಸದರಲ್ಲಿ ನಗು ಬರುತ್ತಿತ್ತು, ಈಗ ನನ್ನ ಡಿಕ್ಕಿಯಲ್ಲೂ ಎರಡು ಇವೆ.

ಹೋದ ತಾಮ್ರವನ್ನು ಆಗಾಗ ತುಂಬಿಕೊಳ್ಳುವುದು ಕಲರ್ ಮಾಸ್ಕ್‌ನಿಂದ. ಡಬ್ಬದ ಹಿಂದೆ ಬೇಸಿಕ್ ಆರೆಂಜ್ 31, ಬೇಸಿಕ್ ರೆಡ್ 51 ಅಂತ ಇದ್ದರೆ ಅವು ಧನ ವಿದ್ಯುದಂಶದ ಬಣ್ಣಗಳು. ಕ್ಯಾಲ್ಸಿಯಂ ಕೂರುತ್ತಿದ್ದ ಅದೇ ಜಾಗಗಳಿಗೆ ಅಂಟುತ್ತವೆ. ಸುಣ್ಣ ಇಳಿಸಿದ ಮೇಲೆ ಹಚ್ಚಿದಾಗ ಪಟ್ಟೆ ಪಟ್ಟೆಯಾಗದೆ ಸಮವಾಗಿ ಹಿಡಿಯಿತು. ಬಿಳಿ ಕಂಡೀಷನರ್ ಜೊತೆ ಅರ್ಧಕ್ಕರ್ಧ ಕಲಸಿ, ತಾಮ್ರದ ಎಳೆಗಳಿಗೆ ಮಾತ್ರ, ಹತ್ತು ನಿಮಿಷ. ಕೈಗವಸು ಬೇಕೇ ಬೇಕು, ಹಳೇ ಟವೆಲ್ ಕೂಡ. ಮೊದಲ ಸಲ ಬಳಸುವವರು ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಪಾರ್ಲರಿನ ಖಾಯಂ ಬಣ್ಣಕ್ಕೂ ಇದೇ ಮಾತು, ಅದರಲ್ಲಿರುವ ಪಿಪಿಡಿ ಅನ್ನುವ ಬಣ್ಣದ ರಾಸಾಯನಿಕ ಕೆಲವರಿಗೆ ಮುಖ ಊದುವಷ್ಟು ಅಲರ್ಜಿ ಮಾಡುತ್ತದೆ.

ಮೆದು ನೀರಿನ ತೊಂದರೆಗಳೂ ಇವೆ. ಶಾಂಪೂ ಮೊದಲಿನ ಅರ್ಧ ಸಾಕು, ಮೊದಲಿನಷ್ಟೇ ಹಾಕಿದರೆ ನೊರೆ ಇಳಿಯುವುದೇ ಇಲ್ಲ. ಎಷ್ಟು ತೊಳೆದರೂ ಮೈ ಜಾರುತ್ತದೆ, ಸೋಪು ಹೋಗಿಲ್ಲ ಅನ್ನಿಸುತ್ತದೆ. ತೆಳು ಕೂದಲಿನ ನನ್ನ ತಂಗಿ ಬಂದಾಗ ಒಂದು ಸಲ ಬಳಸಿ, ತಲೆಗೆ ಅಂಟಿಕೊಂಡ ಹಾಗೆ ಚಪ್ಪಟೆಯಾಯಿತು ಅಂತ ಬೇಡ ಅಂದಳು. ಬಣ್ಣ, ಬ್ಲೀಚ್ ಏನೂ ಇಲ್ಲದ ದಪ್ಪ ಕೂದಲಿನವರು ಇಷ್ಟೆಲ್ಲ ಒದ್ದಾಡುವ ಅಗತ್ಯ ನನಗೆ ಕಾಣುವುದಿಲ್ಲ, ಕೊನೆಯ ಮಗ್ಗಿಗೆ ನಿಂಬೆ ಉಪ್ಪು ಸಾಕು.

ಮಳೆಗಾಲದಲ್ಲಿ ಟ್ಯಾಂಕರ್ ನೀರು ಕೆಂಪಾಗಿ ಬಂದಾಗ ಸ್ಪನ್ ಫಿಲ್ಟರ್ ಬೇಗ ಕಟ್ಟಿಕೊಂಡಿತು. ರೆಸಿನ್ ಪೈಪಿನ ಮುಂದೆ ಅದು ಇಲ್ಲದಿದ್ದರೆ ಆ ಕೆಸರೆಲ್ಲ ಮಣಿಗಳ ನಡುವೆ ಕೂರುತ್ತಿತ್ತು. ಅದನ್ನು ಬದಲಾಯಿಸಿದ್ದೇ ಇಷ್ಟರ ತನಕದ ರಿಪೇರಿ.

ಈಗ ಬೆಳಗಾವಿಯ ವೈನಿಗೂ ಒಂದು ಬೇಕಂತೆ, ಮೂರು ಜನ ಹೆಣ್ಣುಮಕ್ಕಳ ಮನೆ ಅದು. "ನಮಗ ದೊಡ್ಡದ ಮಾಡಿಕೊಡವಾ, ದಿನಾ ಉಪ್ಪ ಹಾಕ್ಕೋತ ಕೂಡೂದು ಆಗೂದಿಲ್ಲ" ಅಂದಿದ್ದಾರೆ. 5 ಲೀಟರ್ ರೆಸಿನ್ ಹಿಡಿದಿದ್ದೇನೆ. 110 ಎಂಎಂ ಪೈಪಿನಲ್ಲಿ ಅದು ಎರಡು ಅಡಿಯ ಹತ್ತಿರ ನಿಲ್ಲುತ್ತದೆ, ಪೈಪು ಮೂರು ಅಡಿ ಬೇಕು, ಉಪ್ಪು ಪ್ರತಿ ಸಲಕ್ಕೆ 750 ಗ್ರಾಂ, ಇಪ್ಪತ್ತು ಬಕೆಟ್ಟಿನ ಮೇಲೆ ಬರುತ್ತದೆ. ತುಂಬಿದ ಮೇಲೆ ಹತ್ತು ಕಿಲೋ ದಾಟುವುದರಿಂದ ಗೋಡೆಗೆ ಎರಡು ಕ್ಲ್ಯಾಂಪು ಸಾಲದು, ಕೆಳಗೆ ಸ್ಟ್ಯಾಂಡ್ ಬೇಕು. ಅವರ ಬಾತ್‌ರೂಮಿನ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ನೋಡಿ ಅಳತೆ ತೆಗೆಯಬೇಕು.